ಕೊಕ್ಕೆ ಕಳಚಿದ ಈಳಿಗೆಮಣೆ

ಹೋದ ತಿಂಗಳು ಇದೇ ಅಂಕಣದಲ್ಲಿ, ಜೀವಕೋಶದ ಹೊರಗಿನ ಸುದ್ದಿ ಒಳಗೆ ಹೇಗೆ ಮುಟ್ಟುತ್ತದೆ ಅಂತ ನಾಲ್ಕು ಮಾತು ಬರೆದಿದ್ದೆ. ನಡುವೆ ಸಾರ್ಕ್ ಅನ್ನುವ ಒಂದು ಪ್ರೋಟೀನಿನ ಹೆಸರು ಬಂದಿತ್ತು. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ. (1986ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಿತ್ತಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಹೆಸರು ಸಾರ್ಕೋಮಾ ಅನ್ನುವ ಗಡ್ಡೆಯಿಂದ ಬಂದದ್ದು.) ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ವಿಜ್ಞಾನಿ ಅಲ್ಲ. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ವಿಜ್ಞಾನಿಗಳಿಗೆ ಪ್ರೋಟೀನ್ ಸೋಸಿ, ಶುದ್ಧ ಮಾಡಿ ಕೊಟ್ಟವಳು.

ಪ್ರಶ್ನೆ: ಮೇಡಂ, ಫಾಸ್ಫೇಟ್ ಅಂಟಿದರೆ ಸುದ್ದಿ ಒಯ್ಯುವ ಪ್ರೋಟೀನ್ ಚಾಲೂ ಆಗುತ್ತದೆ, ತೆಗೆದರೆ ನಿಲ್ಲುತ್ತದೆ ಅಂತ ಓದಿಕೊಂಡಿದ್ದೆ. ಇಂಟರ್ನಲ್ಸ್‌ನಲ್ಲಿ ಸಾರ್ಕ್ ಬಗ್ಗೆಯೂ ಹಾಗೇ ಬರೆದೆ. ‘ಬಾಲದ ಫಾಸ್ಫೇಟ್ ಆಫ್ ಮಾಡುತ್ತದೆ’ ಅಂತ ಕೆಂಪು ಇಂಕಿನಲ್ಲಿ ಬರೆದು ಎರಡು ಅಂಕ ಕಳೆದಿದ್ದಾರೆ. ಅದೇ ಫಾಸ್ಫೇಟ್ ಆನ್ ಕೂಡ ಮಾಡಿ ಆಫ್ ಕೂಡ ಮಾಡಿದರೆ ನಾವು ಏನಂತ ನೆನಪಿಟ್ಟುಕೊಳ್ಳಬೇಕು?
(ಬಿಎಸ್ಸಿ ವಿದ್ಯಾರ್ಥಿನಿ, ವಿಜಯನಗರ)

ಎರಡು ಅಂಕ ತಾನೇ, ಹೋಗಲಿ ಬಿಡಮ್ಮ. ನಿಮ್ಮ ಮೇಷ್ಟ್ರು ಬರೆದಿರುವುದು ಸರಿ. ಯಾಕೆ ಅಂತ ಕೆಂಪು ಇಂಕಿನಲ್ಲಿ ಯಾರೂ ಬರೆಯುವುದಿಲ್ಲ, ಅದೇ ತೊಂದರೆ.

ನಮ್ಮ ಹನುಮಂತನಗರದ ಮನೆಯಲ್ಲಿ ಅತ್ತೆಯವರ ಕಾಲದ ಒಂದು ಮಡಚುವ ಈಳಿಗೆಮಣೆ ಇದೆ. ಹಲಸಿನ ಮರದ ಹಲಗೆ. ಮುಂದುಗಡೆ ಕೀಲಿನ ಮೇಲೆ ಎದ್ದು ನಿಲ್ಲುವ ಅಲಗು, ಅದರ ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಕೆಲಸ ಮುಗಿದ ಮೇಲೆ ಅಲಗನ್ನು ಹಲಗೆಯ ಮೇಲೆ ಮಲಗಿಸಿ, ಪಕ್ಕದ ಹಿತ್ತಾಳೆ ಕೊಕ್ಕೆಯನ್ನು ಅಲಗಿನ ಬೆನ್ನಿಗೆ ಸಿಕ್ಕಿಸಬೇಕು. ಆಮೇಲೆ ಮಕ್ಕಳು ಎಳೆದಾಡಿದರೂ ಭಯವಿಲ್ಲ. ಎರಡು ವಿಷಯ ಗಮನಿಸು. ಕೊಕ್ಕೆ ಹಾಕಿದ್ದಕ್ಕೆ ಅಲಗು ಮೊಂಡಾಗುವುದಿಲ್ಲ, ಅದರ ಹರಿತ ಹಾಗೇ ಇರುತ್ತದೆ. ಕೊಕ್ಕೆ ಇರುವುದೂ ಹರಿತದ ಕಡೆ ಅಲ್ಲ, ಬೆನ್ನಿನ ಕಡೆ.

ಸಾರ್ಕ್ ಕೂಡ ಹೀಗೇ. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅನ್ನುವ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು, ಇನ್ನೊಂದು ಪ್ರೋಟೀನಿನಲ್ಲಿರುವ ಟೈರೋಸಿನ್ ಅನ್ನುವ ಅಮೈನೋ ಆಮ್ಲಕ್ಕೆ ಅಂಟಿಸುವುದು ಅದರ ಕಸುಬು. ಇಂಥ ಕಸುಬಿನವರಿಗೆ ಕೈನೇಸ್ ಅನ್ನುತ್ತಾರೆ. ಮನುಷ್ಯರ ಸಾರ್ಕ್ 536 ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದೇ ದಾರ. ಅದು ಮಡಚಿಕೊಂಡು ಕೆಲವು ಉಂಡೆಗಳಾಗಿ ಕೂರುತ್ತದೆ. ಮೊದಲ ತುದಿಯಲ್ಲಿ ಕೋಶದ ಪೊರೆಗೆ ಅಂಟಿಕೊಳ್ಳಲು ಒಂದು ಕೊಬ್ಬಿನ ಎಳೆ. ಆಮೇಲೆ ಎಸ್‌ಎಚ್‌3 ಅನ್ನುವ ಚಿಕ್ಕ ಉಂಡೆ, ಪಕ್ಕದಲ್ಲಿ ಎಸ್‌ಎಚ್‌2. ಆಮೇಲೆ ಬರುವುದು ಬಾಯಿ, ಅಂದರೆ ಕೈನೇಸ್ ಭಾಗ. ಬಾಯಿಗೆ ಎರಡು ದವಡೆ. ಮೇಲಿನದು ಚಿಕ್ಕದು, ಕೆಳಗಿನದು ದೊಡ್ಡದು, ನಡುವೆ ಎಟಿಪಿ ಕೂರುತ್ತದೆ. ಕೊನೆಗೆ ಒಂದು ಪುಟ್ಟ ಬಾಲ. ಬಾಲದ 527ನೇ ಜಾಗದಲ್ಲಿ (ಇದು ಕೋಳಿಯ ಸಾರ್ಕಿನ ಎಣಿಕೆ, ಆಮೇಲೆ ಹೇಳುತ್ತೇನೆ) ಒಂದು ಟೈರೋಸಿನ್.

ಸಿಎಸ್‌ಕೆ ಅನ್ನುವ ಬೇರೊಂದು ಕೈನೇಸ್ ಬಂದು ಈ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. (ಕ್ರಿಕೆಟ್ ನೋಡುವವರು ನಗಬೇಡಿ, ಅದರ ಹೆಸರೇ ಹಾಗೆ.) ಈಗ ಮಜಾ ನೋಡು. ಫಾಸ್ಫೇಟ್ ಅಂಟಿದ ಟೈರೋಸಿನ್ ಎಲ್ಲಿ ಕಂಡರೂ ಹಿಡಿದುಕೊಳ್ಳುವುದು ಎಸ್‌ಎಚ್‌2 ಉಂಡೆಯ ಹುಟ್ಟುಗುಣ. ಅದರ ಗುಳಿಯೊಳಗೆ ಪಾಸಿಟಿವ್ ಚಾರ್ಜಿನ ಆರ್ಜಿನಿನ್ ಅನ್ನುವ ಒಂದು ಅಮೈನೋ ಆಮ್ಲ ಕಾದು ಕೂತಿರುತ್ತದೆ, ಫಾಸ್ಫೇಟಿನದು ನೆಗೆಟಿವ್. ಹೀಗಾಗಿ ಸಾರ್ಕ್ ತನ್ನ ಬಾಲವನ್ನು ತಾನೇ ಹಿಡಿದುಕೊಂಡು ಮುದುಡಿ ಕೂರುತ್ತದೆ. ಎಸ್‌ಎಚ್‌3 ಕೂಡ ಸುಮ್ನೆ ಇರುವುದಿಲ್ಲ. ಎಸ್‌ಎಚ್‌2ಗೂ ಬಾಯಿಗೂ ನಡುವೆ ಇರುವ ಪಟ್ಟಿಯನ್ನು ಅದು ಹಿಡಿಯುತ್ತದೆ. ಒಟ್ಟು ಎರಡು ಕೊಕ್ಕೆ ಆಯಿತು. ಎರಡೂ ಬಾಯಿಯ ಹಿಂದುಗಡೆ.

ಹಿಂದೆ ಕೊಕ್ಕೆ ಹಾಕಿದರೆ ಮುಂದೆ ಬಾಯಿ ಯಾಕೆ ಕಟ್ಟಿಹೋಗಬೇಕು? ಮೊದಲ ಸಲ ಓದಿದಾಗ ನನ್ನ ತಲೆಗೂ ಹೋಗಿರಲಿಲ್ಲ. ಚಿಕ್ಕ ದವಡೆಯಲ್ಲಿ ಸ್ಪ್ರಿಂಗಿನ ಹಾಗೆ ಸುತ್ತಿದ ಒಂದು ತುಂಡು ಇದೆ, ಅದರ ಮೇಲೆ 310ನೇ ಗ್ಲುಟಮೇಟ್. ಎಟಿಪಿಯನ್ನು ನೆಟ್ಟಗೆ ಕೂರಿಸುವ 295ನೇ ಲೈಸಿನ್ ಈ ಗ್ಲುಟಮೇಟಿನ ಕೈ ಹಿಡಿದಾಗಲೇ ಕೆಲಸ ನಡೆಯುವುದು. ಹಿಂದಿನ ಕೊಕ್ಕೆಗಳು ಬಿಗಿದಿರುವಾಗ ಆ ಸುರುಳಿ ಹೊರಕ್ಕೆ ಸರಿದು ಕೂತಿರುತ್ತದೆ. ಕೈಗೆ ಕೈ ಎಟುಕುವುದಿಲ್ಲ. ದವಡೆಗಳ ನಡುವೆ ಇರುವ ಒಂದು ಕುಣಿಕೆ ಕೂಡ ಒಳಕ್ಕೆ ಸುತ್ತಿಕೊಂಡು 416ನೇ ಟೈರೋಸಿನ್ನನ್ನು ಬಚ್ಚಿಟ್ಟುಕೊಂಡಿರುತ್ತದೆ. ಬ್ಲೌಸಿನ ಬೆನ್ನಿನ ಹುಕ್ಕನ್ನು ಎಳೆದು ಬಿಗಿಯಾಗಿ ಹಾಕಿದರೆ ಮೇಲಿನ ಅಟ್ಟದಿಂದ ಡಬ್ಬ ಇಳಿಸಲು ಕೈ ಏಳುವುದಿಲ್ಲ ಅಲ್ವಾ? ಕೈಯಲ್ಲಿ ಏನೂ ದೋಷವಿಲ್ಲ.

ಬಿಡಿಸುವುದಕ್ಕೆ ದಾರಿ ಒಂದೇ ಅಲ್ಲ. ಫಾಸ್ಫಟೇಸ್ ಬಂದು ಬಾಲದ ಫಾಸ್ಫೇಟನ್ನು ಕಿತ್ತುಹಾಕಬಹುದು. ಇಲ್ಲವೇ ಎಸ್‌ಎಚ್‌2ಗೆ ಬಾಲಕ್ಕಿಂತ ಒಳ್ಳೆಯ ಜೊತೆ ಸಿಗಬಹುದು. ನನಗೆ ತುಂಬಾ ಇಷ್ಟವಾದ ಸಂಗತಿ ಇಲ್ಲಿದೆ. ಎಸ್‌ಎಚ್‌2ಗೆ ಬಲು ಇಷ್ಟವಾದದ್ದು ಟೈರೋಸಿನ್ ಆದಮೇಲೆ ಗ್ಲುಟಮೇಟ್, ಗ್ಲುಟಮೇಟ್, ಐಸೋಲ್ಯೂಸಿನ್ ಇರುವ ಸಾಲು. ಸಾರ್ಕಿನ ಸ್ವಂತ ಬಾಲದಲ್ಲಿ ಇರುವುದು ಗ್ಲುಟಮಿನ್, ಪ್ರೋಲಿನ್, ಗ್ಲೈಸಿನ್. ಅಂದರೆ ಹಿಡಿತ ಸಡಿಲವೇ. ಎಸ್‌ಎಚ್‌3 ಹಿಡಿದ ಪಟ್ಟಿಯೂ ಅದಕ್ಕೆ ಹೇಳಿಮಾಡಿಸಿದ್ದಲ್ಲ. ಕೊಕ್ಕೆ ಬೇಕು, ಆದರೆ ಬೆರಳಲ್ಲಿ ತಟ್ಟಿದರೆ ಬಿಚ್ಚಿಕೊಳ್ಳುವಷ್ಟು ಸಡಿಲ ಇರಬೇಕು. ತುಕ್ಕು ಹಿಡಿದು ಬಿಚ್ಚದ ಕೊಕ್ಕೆಯ ಈಳಿಗೆಮಣೆ ಯಾರಿಗೆ ಬೇಕು? ಹೊರಗಿನ ಸುದ್ದಿ ಬಂದಾಗ ಪೊರೆಯ ಹತ್ತಿರ ಸುದ್ದಿ ಹಿಡಿಯುವ ರಿಸೆಪ್ಟರುಗಳ ಮೇಲೆ ಫಾಸ್ಫೇಟ್ ಅಂಟಿದ ಟೈರೋಸಿನ್‌ಗಳು ಏಳುತ್ತವೆ. ಎಸ್‌ಎಚ್‌2 ಬಾಲ ಬಿಟ್ಟು ಅತ್ತ ಹೋಗುತ್ತದೆ. ಬೆನ್ನು ಸಡಿಲವಾಗುತ್ತದೆ, ಸುರುಳಿ ಒಳಕ್ಕೆ ಬರುತ್ತದೆ, ಕುಣಿಕೆ ಬಿಚ್ಚುತ್ತದೆ. ಹೊರಗೆ ಬಂದ 416ನೇ ಟೈರೋಸಿನ್ನಿಗೆ ಪಕ್ಕದ ಇನ್ನೊಂದು ಸಾರ್ಕ್ ಫಾಸ್ಫೇಟ್ ಅಂಟಿಸುತ್ತದೆ. ಆಮೇಲೆ ಕುಣಿಕೆ ಮತ್ತೆ ಒಳಗೆ ಹೋಗುವುದಿಲ್ಲ, ಬಾಗಿಲಿಗೆ ಕಲ್ಲು ಇಟ್ಟ ಹಾಗೆ.

ನೆನಪಿಟ್ಟುಕೊಳ್ಳುವುದು ಏನು ಅಂತ ಕೇಳಿದೆಯಲ್ಲ. 527ರ ಮೇಲೆ ಕೂತ ಫಾಸ್ಫೇಟ್ ಕೊಕ್ಕೆ, 416ರ ಮೇಲೆ ಕೂತದ್ದು ಬಾಗಿಲ ಕಲ್ಲು. ಇನ್ನು ಮೇಲೆ ಯಾವ ಪ್ರೋಟೀನ್ ಬಂದರೂ ಫಾಸ್ಫೇಟ್ ಎಲ್ಲಿ ಕೂತಿದೆ, ಅದನ್ನು ಯಾರು ಹಿಡಿಯುತ್ತಾರೆ ಅಂತ ಮೊದಲು ನೋಡು. ಇನ್ನೊಂದು ಮಾತು: ಈ ಸಂಖ್ಯೆಗಳು ಕೋಳಿಯ ಸಾರ್ಕಿನವು. ಮನುಷ್ಯರಲ್ಲಿ ಅವೇ ಜಾಗಗಳು 530 ಮತ್ತು 419. ಎರಡನ್ನೂ ಬೆರೆಸಿ ಬರೆದರೆ ಮತ್ತೆ ಎರಡು ಅಂಕ ಹೋಗುತ್ತದೆ.

ಪ್ರಶ್ನೆ: ಸಾರ್ಕ್ ಮೊದಲು ಸಿಕ್ಕಿದ್ದು ಕೋಳಿಯ ಕ್ಯಾನ್ಸರ್ ವೈರಸ್‌ನಲ್ಲಿ ಅಂತ ಬರೆದಿದ್ದಿರಿ. ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಕೋಳಿ. ಓದಿದಾಗಿನಿಂದ ನನ್ನ ಹೆಂಡತಿ ಅನುಮಾನ ಶುರು ಮಾಡಿದ್ದಾಳೆ. ತಿನ್ನಬಹುದಾ?
(ಓದುಗರು, ಶಿವಾಜಿನಗರ)

ತಿನ್ನಿ. ಅದು ಕೋಳಿಗಳ ವೈರಸ್. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಚೆನ್ನಾಗಿ ಬೇಯಿಸಿ ಅಂತ ಹೇಳುವುದು ಬೇರೆ ರೋಗಾಣುಗಳ ಕಾರಣಕ್ಕೆ.

ಆದರೆ ಆ ಕೋಳಿಯ ಕತೆ ಕೇಳಿ. ನ್ಯೂಯಾರ್ಕಿನಲ್ಲಿ ಪೇಟನ್ ರೌಸ್ ಅನ್ನುವ ವೈದ್ಯರ ಹತ್ತಿರ ಎದೆಯಲ್ಲಿ ಗಡ್ಡೆಯಾದ ಒಂದು ಕೋಳಿ ಬಂತು. ಅವರು ಗಡ್ಡೆಯನ್ನು ಅರೆದು, ಕೋಶಗಳು ದಾಟದಷ್ಟು ಸಣ್ಣ ಸೋಸುಕದಲ್ಲಿ ಸೋಸಿ, ಆ ನೀರನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಗಡ್ಡೆ ಬಂತು. ಇದನ್ನು ಪ್ರಕಟಿಸಿದ್ದು 1911ರಲ್ಲಿ. ನೊಬೆಲ್ ಬಂದದ್ದು 1966ರಲ್ಲಿ, ಆಗ ರೌಸ್ ಅವರಿಗೆ 87 ವರ್ಷ. ನಮ್ಮ ಸರ್ಕಾರಿ ಬಾಕಿ ಬಿಲ್ಲುಗಳೇ ವಾಸಿ ಅನ್ನಿಸುತ್ತದೆ. 1976ರಲ್ಲಿ ಬಿಷಪ್ ಮತ್ತು ವಾರ್ಮಸ್ ಅವರ ತಂಡ, ವೈರಸ್‌ನ ಆ ಜೀನ್ ಮೂಲದಲ್ಲಿ ಕೋಳಿಯದ್ದೇ ಅಂತ ತೋರಿಸಿತು. ಆರೋಗ್ಯವಾಗಿರುವ ಕೋಳಿಯಲ್ಲೂ ಅದು ಇದೆ. ವೈರಸ್ ಅದನ್ನು ಯಾವಾಗಲೋ ಕದ್ದಿತ್ತು.

ಕದಿಯುವಾಗ ಬಾಲ ಹರಿದುಹೋಯಿತು. ಕೋಳಿಯ ಸಾರ್ಕಿನ ಕೊನೆಯ 19 ಅಮೈನೋ ಆಮ್ಲಗಳ ಜಾಗದಲ್ಲಿ ವೈರಸ್‌ನ ಸಾರ್ಕಿನಲ್ಲಿ ಬೇರೆಯೇ 12 ಇವೆ. 527ನೇ ಟೈರೋಸಿನ್ ಇಲ್ಲವೇ ಇಲ್ಲ. ಬಾಯಿಯ ಭಾಗ ಹೆಚ್ಚುಕಡಿಮೆ ಹಾಗೇ ಇದೆ, ಹಿಡಿಯಲು ಕೊಕ್ಕೆ ಮಾತ್ರ ಇಲ್ಲ. ಒಮ್ಮೆ ಗೌರಿಹಬ್ಬದ ಹಿಂದಿನ ಸಂಜೆ ನಮ್ಮ ಈಳಿಗೆಮಣೆಯ ಕೊಕ್ಕೆಯ ಮೊಳೆ ಸವೆದು ಬಿದ್ದಿತ್ತು. ನಾನು ನೋಡಲಿಲ್ಲ. ಕಪಾಟಿನ ಕೆಳಗಿನಿಂದ ಎಳೆದೆ, ಅಲಗು ತಾನೇ ತೆರೆದುಕೊಂಡು ಎಡಗೈ ಹೆಬ್ಬೆರಳಿನ ಬುಡಕ್ಕೆ ಬಿತ್ತು. ನಾಲ್ಕು ಹೊಲಿಗೆ. ಹಬ್ಬದ ಒಬ್ಬಟ್ಟನ್ನು ಯಜಮಾನರು ತಟ್ಟಿದರು, ಅದು ಬೇರೆ ನೋವು.

ಇದೇ ಪ್ರೋಟೀನಿನ ಜೊತೆಗೆ ಲ್ಯಾಬಿನವರೆಲ್ಲ ಹೇಳಿಕೊಂಡು ನಗುವ ಇನ್ನೊಂದು ಕತೆ ಇದೆ. ಅಲ್ಲಿಯವರೆಗೆ ಫಾಸ್ಫೇಟ್ ಅಂಟುವುದು ಸೆರಿನ್ ಮತ್ತು ಥ್ರಿಯೋನಿನ್‌ಗೆ ಮಾತ್ರ ಅಂದುಕೊಂಡಿದ್ದರು. 1979ರಲ್ಲಿ ಕ್ಯಾಲಿಫೋರ್ನಿಯಾದ ಸಾಕ್ ಸಂಸ್ಥೆಯಲ್ಲಿ ಟೋನಿ ಹಂಟರ್, ಕರೆಂಟು ಹಾಯಿಸಿ ಅಮೈನೋ ಆಮ್ಲಗಳನ್ನು ಚುಕ್ಕಿ ಚುಕ್ಕಿಯಾಗಿ ಬೇರ್ಪಡಿಸುವ ಪ್ರಯೋಗಕ್ಕೆ ಹೊಸ ಬಫರ್ ದ್ರಾವಣ ಮಾಡಿಕೊಳ್ಳಲು ಬೇಸರಪಟ್ಟು ಹಳೆಯದನ್ನೇ ಬಳಸಿದರು. ಬಳಸಿ ಬಳಸಿ ಅದರ ಪಿಎಚ್ 1.9ರಿಂದ 1.7ಕ್ಕೆ ಇಳಿದಿತ್ತು. ಆ ಹುಳಿಯಲ್ಲಿ, ಯಾವಾಗಲೂ ಫಾಸ್ಫೇಟ್ ಅಂಟಿದ ಥ್ರಿಯೋನಿನ್ ಜೊತೆ ಒಂದೇ ಚುಕ್ಕಿಯಾಗಿ ಓಡುತ್ತಿದ್ದ ಇನ್ನೊಂದು ವಸ್ತು ಬೇರೆಯಾಗಿ ಕಂಡಿತು. ಅದೇ ಫಾಸ್ಫೇಟ್ ಅಂಟಿದ ಟೈರೋಸಿನ್. ಹಳೇ ಬಫರ್ ಬಳಸಿದ್ದಕ್ಕೆ ನಾನು ಎಷ್ಟೋ ಹುಡುಗರನ್ನು ಬೈದಿದ್ದೇನೆ. ಹಂಟರ್ ಕತೆಯನ್ನು ಅವರಿಗೆ ಬೇಕಂತಲೇ ಹೇಳಿರಲಿಲ್ಲ.

ಪ್ರಶ್ನೆ: ಕಣ್ಣಿಗೆ ಕಾಣದ ಪ್ರೋಟೀನಿಗೆ ದವಡೆ, ಬಾಲ, ಕುಣಿಕೆ ಅನ್ನುತ್ತೀರಿ. ಇದನ್ನೆಲ್ಲ ನೋಡಿದವರು ಯಾರು? ಇಲ್ಲಾ ಊಹೆಯಾ?
(ನಿವೃತ್ತ ಬ್ಯಾಂಕ್ ಅಧಿಕಾರಿ, ಮಲ್ಲೇಶ್ವರ)

ಊಹೆ ಅಲ್ಲ ಸಾರ್. ಪ್ರೋಟೀನನ್ನು ತುಂಬಾ ಶುದ್ಧ ಮಾಡಿ, ನಿಧಾನವಾಗಿ ಹರಳು ಕಟ್ಟಿಸಬೇಕು, ಕಲ್ಲುಸಕ್ಕರೆ ಕಟ್ಟಿಸಿದ ಹಾಗೆ. ಆ ಹರಳಿಗೆ ಎಕ್ಸ್‌ರೇ ಹಾಯಿಸಿದರೆ ಚುಕ್ಕಿಗಳ ಚಿತ್ತಾರ ಸಿಗುತ್ತದೆ. ಚುಕ್ಕಿಗಳಿಂದ ಲೆಕ್ಕ ಹಾಕಿ ಒಂದೊಂದು ಪರಮಾಣುವಿನ ಜಾಗ ಹಿಡಿಯುತ್ತಾರೆ. ಮುದುಡಿ ಕೂತ ಸಾರ್ಕಿನ ಚಿತ್ರ ಮತ್ತು ಅದರ ಸೋದರ ಎಚ್‌ಸಿಕೆಯ ಚಿತ್ರ 1997ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಬೇರೆ ಬೇರೆ ತಂಡಗಳು, ಆದರೆ ಅದೇ ಎರಡು ಕೊಕ್ಕೆ, ಅದೇ ಹಿಂದುಗಡೆ. ಕೊಕ್ಕೆ ಬಾಯಿಗೇ ಅಡ್ಡ ಕೂತಿರಬಹುದು ಅಂದುಕೊಂಡಿದ್ದವರು ಚಿತ್ರ ನೋಡಿ ಮಾತು ಬದಲಿಸಬೇಕಾಯಿತು.

ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಇದೆಯಲ್ಲ. ಅಲ್ಲಿನ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಶುರು ಮಾಡಿದವರು ಜಿ.ಎನ್. ರಾಮಚಂದ್ರನ್. ಮದ್ರಾಸಿನಲ್ಲಿದ್ದಾಗ, 1963ರಲ್ಲಿ, ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಒಂದು ನಕ್ಷೆ ಕೊಟ್ಟರು. ಪ್ರೋಟೀನಿನ ದಾರ ಪ್ರತಿ ಗಂಟಿನಲ್ಲೂ ಎಷ್ಟು ತಿರುಗಬಹುದು, ಎಲ್ಲಿ ತಿರುಗಿದರೆ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ ಅನ್ನುವ ನಕ್ಷೆ. ಇವತ್ತಿಗೂ ಜಗತ್ತಿನಲ್ಲಿ ಯಾರೇ ಹೊಸ ಪ್ರೋಟೀನಿನ ಆಕಾರ ಬಿಡಿಸಿದರೂ ಅದನ್ನು ಈ ನಕ್ಷೆಯ ಮೇಲೆ ಇಟ್ಟು ಸರಿ ಇದೆಯಾ ಅಂತ ನೋಡುತ್ತಾರೆ.

ಹರಳು ಅಂದರೆ ನನಗೆ ನೆನಪಾಗುವುದು ಒಂದು ಮೇ ತಿಂಗಳ ಶನಿವಾರ ರಾತ್ರಿ. ನಾನಿದ್ದ ಲ್ಯಾಬಿನಲ್ಲಿ ಕರೆಂಟು ಹೋಯಿತು, ಜನರೇಟರಿಗೆ ಡೀಸೆಲ್ ಹಾಕಿಸಿರಲಿಲ್ಲ. ಸೋಮವಾರ ಬೆಳಗ್ಗೆ 4 ಡಿಗ್ರಿಯ ಕೋಲ್ಡ್ ರೂಮ್ ಬಾಗಿಲು ತೆಗೆದರೆ ಒಳಗೆ ಹೊರಗಿನಷ್ಟೇ ಸೆಕೆ. ಆರು ವಾರ ಕಾದ ಹರಳುಗಳ ಜಾಗದಲ್ಲಿ, ಒಡೆದ ಹಾಲಿನ ಹಾಗೆ ಬಿಳಿ ಬಿಳಿ ತುಣುಕು. ದಾರ ಅದೇ, ಒಂದು ಅಮೈನೋ ಆಮ್ಲವೂ ಕಳೆದಿರಲಿಲ್ಲ. ಆಕಾರ ಹೋಗಿತ್ತು, ಕೆಲಸವೂ ಹೋಗಿತ್ತು. ಪಿಎಚ್‌ಡಿ ಹುಡುಗ ಅತ್ತೇಬಿಟ್ಟ. ನಾನು ಕಾಫಿ ತರಿಸಿದೆ.

ಪ್ರಶ್ನೆ: ನಮ್ಮ ತಂದೆಗೆ ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್. ಆರು ವರ್ಷದಿಂದ ಇಮ್ಯಾಟಿನಿಬ್ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದಾರೆ. ಇದೂ ಒಂದು ಕೈನೇಸ್ ರೋಗ ಅಂತ ಡಾಕ್ಟರು ಹೇಳಿದರು. ಮೈಯಲ್ಲಿ ಅಷ್ಟೊಂದು ಕೈನೇಸ್ ಇರುವಾಗ ಮಾತ್ರೆಗೆ ಇದೇ ಅಂತ ಹೇಗೆ ಗೊತ್ತಾಗುತ್ತದೆ? ಇನ್ನೊಂದು, ಅಪ್ಪನಿಗೆ ದೇವನಹಳ್ಳಿ ಚಕ್ಕೋತ ಅಂದರೆ ಪ್ರಾಣ. ಡಾಕ್ಟರು ಬೇಡ ಅಂದಿದ್ದಾರೆ. ಹಣ್ಣಿಗೂ ಇದಕ್ಕೂ ಏನು ಸಂಬಂಧ?
(ಓದುಗರು, ರಾಜಾಜಿನಗರ)

ಆರು ವರ್ಷ ಚೆನ್ನಾಗಿದ್ದಾರೆ ಅಂತ ಓದಿ ಸಂತೋಷವಾಯಿತು. ಈ ರೋಗದಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳು ತುಂಡಾಗಿ ಅದಲುಬದಲಾಗಿರುತ್ತವೆ. ಗಿಡ್ಡವಾದ 22ನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ನೋಡಿದರು, ಅದಲುಬದಲು ಅಂತ 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಹಾಗೆ ಆದಾಗ ಏಬಲ್ ಅನ್ನುವ ಕೈನೇಸಿನ ತಲೆ ಕಡಿದು ಆ ಜಾಗಕ್ಕೆ ಬಿಸಿಆರ್ ಅನ್ನುವ ಇನ್ನೊಂದು ಪ್ರೋಟೀನಿನ ತುಂಡು ಬಂದು ಕೂರುತ್ತದೆ.

ಏಬಲ್, ಸಾರ್ಕಿನ ನೆಂಟ. ಅದಕ್ಕೂ ಎಸ್‌ಎಚ್‌3, ಎಸ್‌ಎಚ್‌2, ಬಾಯಿ ಇವೆ. ಕೊಕ್ಕೆ ಮಾತ್ರ ಬೇರೆ ಥರ. ಬಾಲದಲ್ಲಿ ಫಾಸ್ಫೇಟ್ ಇಲ್ಲ. ಅದರ ಬದಲು ತಲೆಯ ತುದಿಯಲ್ಲಿರುವ ಕೊಬ್ಬಿನ ಎಳೆ ತಿರುಗಿ ಬಂದು ದೊಡ್ಡ ದವಡೆಯ ಬುಡದ ಒಂದು ಗುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಡೀ ಮೈ ಬಿಗಿಯುತ್ತದೆ. ಇದು ತಿಳಿದದ್ದು 2003ರಲ್ಲಿ. ತಲೆಯೇ ಕಡಿದುಹೋದರೆ ಕೊಕ್ಕೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಬಿಸಿಆರ್ ತುಂಡುಗಳು ಒಂದನ್ನೊಂದು ತಬ್ಬಿಕೊಳ್ಳುತ್ತವೆ. ಆಗ ಬಾಯಿಗಳೆಲ್ಲ ಹತ್ತಿರ ಬಂದು ಒಂದನ್ನೊಂದು ಚಾಲೂ ಮಾಡುತ್ತವೆ.

ಇಮ್ಯಾಟಿನಿಬ್ ಎಟಿಪಿ ಕೂರುವ ಜಾಗಕ್ಕೇ ಹೋಗಿ ಕೂರುತ್ತದೆ. ಕೆಲಸ ಮಾಡುತ್ತಿರುವಾಗ ಎಲ್ಲ ಕೈನೇಸ್‌ಗಳ ಬಾಯಿಯೂ ಹೆಚ್ಚುಕಡಿಮೆ ಒಂದೇ ಥರ. ಎಲ್ಲರೂ ಅದೇ ಎಟಿಪಿ ಹಿಡಿಯಬೇಕಲ್ಲ. ಸುಮ್ಮನಿರುವಾಗ ಒಬ್ಬೊಬ್ಬರದು ಒಂದೊಂದು ಭಂಗಿ. ರೋಗದ ಏಬಲ್ ಕೂಡ ನಡುನಡುವೆ ಒಂದು ಗಳಿಗೆ ಬಾಯಿ ಒಳಕ್ಕೆ ಎಳೆದುಕೊಳ್ಳುತ್ತದೆ. ಇಮ್ಯಾಟಿನಿಬ್ ಆ ಭಂಗಿಯನ್ನೇ ಕಾದು ಹಿಡಿದು, ಮತ್ತೆ ಬಿಚ್ಚಲು ಬಿಡುವುದಿಲ್ಲ. 2000ದಲ್ಲಿ, ಭಾರತದಲ್ಲೇ ಹುಟ್ಟಿದ ಜಾನ್ ಕುರಿಯನ್ ಅವರ ತಂಡ ಇದರ ಚಿತ್ರ ತೆಗೆದು ತೋರಿಸಿತು. ಸಾರ್ಕ್ ಅಷ್ಟು ಹತ್ತಿರದ ನೆಂಟನಾದರೂ ಅದಕ್ಕೆ ಈ ಮಾತ್ರೆ ಸರಿಯಾಗಿ ಕೂರುವುದಿಲ್ಲ. ಏಬಲ್ ಒಂದಕ್ಕೇ ಕೂರುತ್ತದೆ ಅಂತಲೂ ಅಲ್ಲ, ಕಿಟ್ ಅನ್ನುವ ಕೈನೇಸಿಗೂ ಇನ್ನು ಒಂದೆರಡಕ್ಕೂ ಕೂರುತ್ತದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರ ಮೇ ತಿಂಗಳಲ್ಲಿ. ನಮ್ಮಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಅದರ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಅದರಿಂದಾಗಿ ಇಲ್ಲಿನ ಕಂಪನಿಗಳು ಕಡಿಮೆ ಬೆಲೆಯಲ್ಲಿ ಮಾಡುವುದು ಮುಂದುವರಿಯಿತು.

ಕೆಲವರಲ್ಲಿ ಏಬಲ್‌ನ 315ನೇ ಥ್ರಿಯೋನಿನ್ ಬದಲಾಗಿ ಐಸೋಲ್ಯೂಸಿನ್ ಆಗುತ್ತದೆ. ಆಗ ಇಮ್ಯಾಟಿನಿಬ್‌ಗೆ ಜಾಗ ಸಿಗುವುದಿಲ್ಲ. ಅದಕ್ಕೇ ಡಾಕ್ಟರು ಆಗಾಗ ರಕ್ತ ಪರೀಕ್ಷೆ ಮಾಡಿಸುವುದು, ತಪ್ಪಿಸಬೇಡಿ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆಸಿಮಿನಿಬ್ ಅನ್ನುವ ಮಾತ್ರೆ ಬಾಯಿಯ ಕಡೆಗೆ ಹೋಗುವುದೇ ಇಲ್ಲ. ಮೊದಲು ಹೇಳಿದೆನಲ್ಲ, ಕೊಬ್ಬಿನ ಎಳೆ ಸಿಕ್ಕಿಕೊಳ್ಳುವ ಗುಳಿ, ತಲೆ ಕಡಿದ ಮೇಲೆ ಅದು ಖಾಲಿ ಬಿದ್ದಿರುತ್ತದೆ. ಈ ಮಾತ್ರೆ ನೇರ ಅಲ್ಲಿ ಹೋಗಿ ಕೂರುತ್ತದೆ. ಕಳಚಿದ ಕೊಕ್ಕೆಯ ಜಾಗಕ್ಕೆ ಹೊಸ ಕೊಕ್ಕೆ ಹಾಕಿಕೊಟ್ಟ ಹಾಗೆ. ನಮ್ಮ ಈಳಿಗೆಮಣೆಗೆ ನಾನು ಇನ್ನೂ ತಂತಿ ಸುತ್ತಿಕೊಂಡೇ ಇದ್ದೇನೆ.

ಚಕ್ಕೋತದ ವಿಷಯ. ಇಮ್ಯಾಟಿನಿಬ್ ಜೊತೆ ಗ್ರೇಪ್‌ಫ್ರೂಟ್ ಬೇಡ ಅನ್ನುತ್ತಾರೆ. ನಮ್ಮ ಕರುಳು ಮತ್ತು ಲಿವರಿನಲ್ಲಿ ಈ ಮಾತ್ರೆಯನ್ನು ಒಡೆಯುವ ಒಂದು ಎಂಜೈಮ್ ಇದೆ. ಆ ಹಣ್ಣಿನಲ್ಲಿರುವ ಅಂಶಗಳು ಅದನ್ನು ಕಟ್ಟಿಹಾಕುತ್ತವೆ. ಆಗ ರಕ್ತದಲ್ಲಿ ಮಾತ್ರೆಯ ಪ್ರಮಾಣ ಏರುತ್ತದೆ, ತೊಂದರೆಗಳೂ ಏರುತ್ತವೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಬೆರೆತು. ತಾಯಿಹಣ್ಣಿನಲ್ಲೂ ಅಂಥ ಅಂಶಗಳಿವೆ, ಡಾಕ್ಟರು ಹೇಳಿದ್ದು ಸರಿ. ದೇವನಹಳ್ಳಿ ಕಡೆಯಿಂದ ಯಾರಾದರೂ ತಂದುಕೊಟ್ಟರೆ ನೀವು ತಿನ್ನಿ, ಅಪ್ಪನ ಎದುರಿಗೆ ಮಾತ್ರ ಬೇಡ.